ಕಾಮಾಕ್ಷಮ್ಮನ ಎರಡನೇ ಸೂಜಿ

ಅರಕಲಗೂಡಿನಿಂದ ಹಾಸನಕ್ಕೆ ಹೊರಡುವ ಮೊದಲ ಬಸ್ಸಿನಲ್ಲಿ ಇನ್ನೂ ಅರ್ಧ ಸೀಟು ಖಾಲಿ. ಕಿಟಕಿ ಪಕ್ಕ ಕೂತಿರುವ ತೇಜಶ್ರೀಯ ತೊಡೆ ಮೇಲೆ ಆಗಲೇ ಲ್ಯಾಪ್‌ಟಾಪ್ ತೆರೆದುಕೊಂಡಿದೆ. ನಿನ್ನೆ ಬರೆದ ಸಾಲನ್ನು ಅಳಿಸುತ್ತಾಳೆ, ಮತ್ತೆ ಅದನ್ನೇ ಬರೆಯುತ್ತಾಳೆ, ಉಗುರು ಕಚ್ಚುತ್ತಾಳೆ. ಕಂಡಕ್ಟರ್ ಎರಡು ಸಲ ಟಿಕೆಟ್ ಕೇಳಿದ ಮೇಲೆ ಅವಳಿಗೆ ಲೋಕ ನೆನಪಾಗುತ್ತದೆ.

ತನ್ನ ಕೆಲಸವನ್ನು ಮನೆಯವರಿಗೆ ಹೇಳಿ ಅರ್ಥ ಮಾಡಿಸುವ ಹೊತ್ತಿಗೆ ಅವಳಿಗೆ ಸಾಕುಸಾಕಾಗಿದೆ. ಕಂಪನಿಗಳ ಪ್ರೋಗ್ರಾಮುಗಳು ಈಗ ಸರ್ವರ್‌ನೊಳಗೆ ಬೇರೆಬೇರೆ ಡಬ್ಬಿಗಳಲ್ಲಿ ಓಡುತ್ತವೆ. ಕಂಟೇನರ್ ಅಂದರೆ ಅದೇ. ಯಾವುದಾದರೂ ಡಬ್ಬಿ ಕೆಟ್ಟರೆ ಹೋಗಿ ನೋಡಲು ಎಐ ಏಜೆಂಟ್, ಅಂದರೆ ಹೇಳಿದ ಕೆಲಸವನ್ನು ತಾನೇ ಮಾಡುವ ಪ್ರೋಗ್ರಾಮು, ಇದೆ. ಅದಕ್ಕೆ ಸ್ವಂತ ಕಣ್ಣಿಲ್ಲ, ಕೈಯಿಲ್ಲ. ಕೊಟ್ಟಿರುವ ಸಾಧನಗಳಲ್ಲಿ ಒಂದನ್ನು ಆರಿಸಿಕೊಳ್ಳಬೇಕು. ಯಾವ ಸಾಧನ ಏನು ಮಾಡುತ್ತದೆ ಎಂಬ ನಾಲ್ಕು ಸಾಲಿನ ವಿವರಣೆಯೇ ಅದಕ್ಕೆ ದಾರಿ. ಆ ನಾಲ್ಕು ಸಾಲು ಬರೆಯುವವಳು ತೇಜಶ್ರೀ. ಬರೆಯುವುದು ಇಂಗ್ಲಿಷಿನಲ್ಲಿ, ತಲೆ ಕೆಡಿಸಿಕೊಳ್ಳುವುದು ಮಾತ್ರ ಅಪ್ಪಟ ಅರಕಲಗೂಡು ಕನ್ನಡದಲ್ಲಿ.

ಅವಳ ಅಪ್ಪ ಸಣ್ಣಯ್ಯ ರಾಮನಾಥಪುರದ ಕಡೆ ತಂಬಾಕು ಎಲೆ ಬೇಯಿಸುವ ಬ್ಯಾರನ್ ಗೂಡುಗಳಲ್ಲಿ ಉರಿ ಕಾಯುತ್ತಿದ್ದವರು. ಶಾಲೆ ರಜೆಯಲ್ಲಿ ಇವಳೂ ಜೊತೆಗೆ. ಅಲ್ಲಿಯ ರೂಢಿಯೇ ಅವಳಿಗೆ ಮುಂದೆ ಮುಳುವಾಯಿತು.

"ಓಗಿ ಉರಿ ನೋಡ್ಕಂಡ್ ಬಾ ಅನ್ನೋದು ನಮ್ಮಪ್ಪ. ಬರೀ ನೋಡ್ಬುಟ್ಟು ಬಂದ್ರೆ ಬಯ್ಯೋದು ಸಾ. ಉರಿ ತಗ್ಗಿದ್ರೆ ಎಲ್ಡು ಸೌದೆ ತಳ್ಳೇ ಬರ್ಬೇಕು. ನೋಡೋದು ಅಂದ್ರೆ ನಮ್ಗೆ ಅದೂ ಸೇರ್ಕಂಡೇ ಇತ್ತು" ಎಂದು ಪಕ್ಕದ ಸೀಟಿನಲ್ಲಿ ಕೂತ ನನಗೆ ಹೇಳುತ್ತಾಳೆ.

ಹಾಸನದ ಒಂದು ರಕ್ತಪರೀಕ್ಷೆ ಲ್ಯಾಬಿನ ಏಜೆಂಟಿಗೆ ಕೊಟ್ಟ ಸಾಧನವೊಂದಕ್ಕೆ ಅವಳು ವಿವರಣೆ ಬರೆಯಬೇಕಿತ್ತು. ಆ ಸಾಧನ ಡಬ್ಬಿಯ ಸ್ಥಿತಿ ನೋಡುತ್ತಿತ್ತು; ಡಬ್ಬಿ ಕೆಲಸದ ನಡುವೆ ಸಿಕ್ಕಿಕೊಂಡು ನಿಂತಿದ್ದರೆ ತಾನೇ ಮತ್ತೆ ಶುರು ಮಾಡುತ್ತಿತ್ತು. ತೇಜಶ್ರೀ ಮೊದಲನೆಯದನ್ನಷ್ಟೇ ಬರೆದಳು. ಎರಡನೆಯದು ಗೊತ್ತಿರಲಿಲ್ಲ ಎಂದಲ್ಲ, ನೋಡಲು ಹೋದವರು ಸೌದೆ ತಳ್ಳುವುದನ್ನು ಬೇರೆಯಾಗಿ ಹೇಳಬೇಕೆಂದು ಅವಳಿಗೆ ಹೊಳೆಯಲೇ ಇಲ್ಲ.

ಒಂದು ಬೆಳಿಗ್ಗೆ ಲ್ಯಾಬಿನವರು, ಕೆಲಸ ಯಾಕೆ ನಿಧಾನ, ಸುಮ್ಮನೆ ನೋಡು ಎಂದು ಏಜೆಂಟಿಗೆ ಹೇಳಿದರು. ಅದು ವಿವರಣೆ ನಂಬಿ ಆ ಸಾಧನವನ್ನೇ ಎತ್ತಿಕೊಂಡಿತು. ಡಬ್ಬಿ ನಡುವೆ ಸಿಕ್ಕಿಕೊಂಡು ನಿಂತಿತ್ತು; ಸಾಧನ ಅದನ್ನು ಮತ್ತೆ ಶುರು ಮಾಡಿತು. ಒಳಗಿದ್ದ, ಇನ್ನೂ ಉಳಿಸಿಡದ ಬೆಳಗಿನ ವರದಿಗಳೆಲ್ಲ ಹೋದವು. ರಕ್ತ ಕೊಟ್ಟು ಮನೆಗೆ ಹೋಗಿದ್ದವರನ್ನು ಮಾರನೆಯ ದಿನ ಮತ್ತೆ ಖಾಲಿ ಹೊಟ್ಟೆಯಲ್ಲಿ ಕರೆಸಬೇಕಾಯಿತು.

ತಪ್ಪು ಒಬ್ಬಳದಲ್ಲ, ಪರೀಕ್ಷಿಸಿದವರು ನಾವೂ ಇದ್ದೇವೆ ಎಂದು ಕಚೇರಿಯ ಹಿರಿಯ ಪಾಲಾಕ್ಷ ಸಮಾಧಾನ ಮಾಡಿದರು. ಸಮಾಧಾನ ಆಗಲಿಲ್ಲ. ಯಾರೂ ಹೇಳದಿದ್ದರೂ ಅವಳು ಆ ಮಾರನೆಯ ದಿನ ಲ್ಯಾಬಿಗೆ ಹೋಗಿ ಬೆಂಚಿನ ತುದಿಯಲ್ಲಿ ಕೂತಳು. ಪಕ್ಕದಲ್ಲಿ ಕೊಣನೂರಿನಿಂದ ಎರಡು ಬಸ್ಸು ಹತ್ತಿ ಬಂದ ಕಾಮಾಕ್ಷಮ್ಮ. ಸೂಜಿ ಹಿಡಿದು ಬಂದ ಹುಡುಗಿಗೆ ಆಕೆ ಎಡಗೈ ಚಾಚಿದರು.

"ಆ ಕೈ ಇನ್ನೂ ನೋಯ್ತದೆ ಕಣವ್ವ, ಇದ್ಕೆ ಆಕು."

ಆಮೇಲೆ ಹತ್ತಿ ಒತ್ತಿ ಹಿಡಿದುಕೊಂಡೇ ಇವಳತ್ತ ತಿರುಗಿ, ನೀನ್ಯಾರವ್ವ, ನರ್ಸಾ ಎಂದು ಕೇಳಿದರು. ತೇಜಶ್ರೀ ಅಲ್ಲವೆಂದು ತಲೆಯಾಡಿಸಿ, ಎದ್ದು ಹೊರಗೆ ಹೋದಳು. ಆ ಸಂಕಟ ಇವತ್ತಿಗೂ ಅವಳನ್ನು ನೆಮ್ಮದಿಯಾಗಿ ಕೂರಲು ಬಿಟ್ಟಿಲ್ಲ. ಊಟಕ್ಕೆ ಕೂತವಳು ಎದ್ದು ಹೋಗಿ ಒಂದು ಪದ ತಿದ್ದಿ ಬರುತ್ತಾಳೆ ಎಂದು ತಾಯಿ ಮಲ್ಲಿಗಮ್ಮನ ದೂರು.

ಇವತ್ತು ಅವಳ ಚಡಪಡಿಕೆಗೆ ಬೇರೆ ಕಾರಣವೂ ಇದೆ. ಇನ್ನೊಮ್ಮೆ ಹೀಗಾದರೆ ಏಜೆಂಟೂ ಬೇಡ, ನಿಮ್ಮ ಕಂಪನಿಯೂ ಬೇಡ ಎಂದು ಲ್ಯಾಬಿನವರು ಹೇಳಿಬಿಟ್ಟಿದ್ದಾರೆ. ಹೊಸ ವಿವರಣೆ ಇವತ್ತೇ ಅಲ್ಲಿಗೆ ಹೋಗಬೇಕು. ಅವಳು ಹಟ ಹಿಡಿದು ಸಾಧನವನ್ನೇ ಎರಡು ಮಾಡಿಸಿದ್ದಾಳೆ. ಒಂದು ಬರೀ ನೋಡುತ್ತದೆ, ಏನನ್ನೂ ಬದಲಿಸುವುದಿಲ್ಲ. ಇನ್ನೊಂದು ಮತ್ತೆ ಶುರು ಮಾಡುತ್ತದೆ. ಅದರ ವಿವರಣೆಯ ಮೊದಲ ಸಾಲಿನಲ್ಲೇ ಉಳಿಸದ ವರದಿಗಳು ಅಳಿಸಿಹೋಗುತ್ತವೆ, ಮನುಷ್ಯರನ್ನು ಕೇಳದೆ ಬಳಸಬೇಡ ಎಂದಿದೆ.

ಬಸ್ಸು ಗೊರೂರು ದಾಟುವಾಗ ನೆಟ್‌ವರ್ಕ್ ಕೈಕೊಡುತ್ತದೆ. ಮತ್ತೆ ಸಿಕ್ಕಿದ್ದೇ ತಡ, ಬೇಕೆಂದೇ ಕೆಡಿಸಿಟ್ಟ ಡಬ್ಬಿಯೊಂದರ ಮೇಲೆ ಏಜೆಂಟನ್ನು ಬಿಡುತ್ತಾಳೆ. ಅದೇ ಹಳೆಯ ಮಾತು: ಕೆಲಸ ಯಾಕೆ ನಿಧಾನ, ನೋಡು. ಉತ್ತರ ಬರುವವರೆಗೆ ಮುಂದಿನ ಸೀಟಿನ ಕಂಬಿಯನ್ನು ಬಿಗಿಯಾಗಿ ಹಿಡಿದುಕೊಂಡಿದ್ದಾಳೆ.

ಡಬ್ಬಿ ನಡುವೆ ಸಿಕ್ಕಿಕೊಂಡು ನಿಂತಿದೆ, ಮತ್ತೆ ಶುರು ಮಾಡಿದರೆ ಉಳಿಸದ ವರದಿಗಳು ಹೋಗುತ್ತವೆ, ನಾನು ಕೈ ಹಾಕಿಲ್ಲ, ಏನು ಮಾಡಲಿ ಎಂದು ಏಜೆಂಟ್ ಕೇಳುತ್ತದೆ.

ಅವಳು ನಗುವುದಿಲ್ಲ. ಪ್ರಶ್ನೆಯನ್ನು ತಿರುಗಿಸಿ ಮುರುಗಿಸಿ, ಅವಸರದವರಂತೆ ಗದರಿಸಿ ಮತ್ತೆ ಕೇಳುತ್ತಾಳೆ. ಪ್ರತಿ ಸಲವೂ ಅದು ನೋಡಿ, ನಿಂತು, ಕೇಳುತ್ತದೆ. ಹಾಸನದ ನಿಲ್ದಾಣದಲ್ಲಿ ಇಳಿಯುವಾಗಷ್ಟೇ ಲ್ಯಾಪ್‌ಟಾಪ್ ಚೀಲಕ್ಕೆ ಸೇರುತ್ತದೆ.

"ಆ ಕಾಮಾಕ್ಷಮ್ಮ ಮುಂದಿನ್ ತಿಂಗ್ಳು ಸುಗರ್ ಟೆಸ್ಟ್‌ಗೆ ಬತ್ತದೆ ಸಾ. ಯಾರವ್ವ ನೀನು ಅಂತ ಕೇಳಿತ್ತಲ್ಲ, ಅವತ್ತು ಏಳಕ್ಕಾಗ್ಲಿಲ್ಲ" ಎನ್ನುತ್ತಾಳೆ. "ಈ ಸಲ ನಾನೇ ಓಗಿ ನಾನ್ಯಾರು ಅಂತ ಏಳ್ತೀನಿ."