ವೈಯಕ್ತಿಕ ಕೊಡುಗೆ ಸ್ಪಷ್ಟವಿಲ್ಲ

ಕಳೆದ ತಿಂಗಳು ಬ್ಯಾಡಗಿಯಲ್ಲಿ ಮೆಣಸಿನಕಾಯಿ ತೊಟ್ಟು ಬಿಡಿಸುತ್ತಿದ್ದ ಹೆಂಗಸೊಬ್ಬರು ನನ್ನನ್ನು ಫೇಲ್ ಮಾಡಿದರು. ಹಾವೇರಿಯ ಕಾಲೇಜೊಂದರಲ್ಲಿ ಇಪ್ಪತ್ತೆರಡು ವರ್ಷದಿಂದ ಕಾಮರ್ಸ್ ಹೇಳಿಕೊಡುತ್ತಾ, ಬೇರೆಯವರನ್ನು ಫೇಲ್ ಮಾಡಿಕೊಂಡೇ ಬಂದವಳು ನಾನು. ಹಾಗಾಗಿ ಅನುಭವ ಹೊಸದಾಗಿತ್ತು.

ಆಗಿದ್ದಿಷ್ಟು. ಪ್ರತಿ ವರ್ಷದಂತೆ ಮನೆಯ ಖಾರಪುಡಿಗೆ ಮೆಣಸಿನಕಾಯಿ ತರಲು ರಾಣೆಬೆನ್ನೂರಿನಿಂದ ಬ್ಯಾಡಗಿಗೆ ಹೋಗಿದ್ದೆ. (ರಾಣೆಬೆನ್ನೂರಿನಲ್ಲಿ ಸಿಗುವುದಿಲ್ಲವೇ ಅಂತ ಕೇಳಬೇಡಿ. ಸಿಗುತ್ತದೆ. ಆದರೆ ನಮ್ಮ ಅತ್ತೆಯವರಿಗೆ ಬ್ಯಾಡಗಿ ಕಾಯಿ ಬ್ಯಾಡಗಿಯಿಂದಲೇ ಬರಬೇಕು.) ಪರಿಚಯದ ಅಂಗಡಿಯ ಹಿಂದಿನ ಗೋದಾಮಿನಲ್ಲಿ ಹತ್ತು ಹನ್ನೆರಡು ಹೆಂಗಸರು ಕೆಂಪು ರಾಶಿಯ ಸುತ್ತ ಕೂತಿದ್ದರು. ನಾನು ಒಳಗೆ ಕಾಲಿಟ್ಟವಳೇ ಮೂರು ಸಲ ಸೀನಿದೆ. ಅಂಗಡಿಯವರು, "ಇವರು ಹಾವೇರಿ ಕಾಲೇಜಿನ ಮೇಡಂ" ಅಂದರು. ಅವರಲ್ಲೆಲ್ಲ ಹಿರಿಯರಾದ ಗಂಗವ್ವ ತಲೆ ಎತ್ತಿದರು.

"ಅಂದ್ರ ನಮ್ಮ ಭಾಗ್ಯಾನ ಅಕ್ಕೋರು ನೀವ ಏನ್ರೀ?" (ನಮ್ಮ ಕಡೆ ಪಾಠ ಹೇಳುವ ಹೆಂಗಸು ಎಷ್ಟೇ ಡಿಗ್ರಿ ಮಾಡಿದರೂ ಅಕ್ಕೋರೇ.)

"ಹೌದ್ರಿ, ಭಾಗ್ಯಶ್ರೀ ನಮ್ಮ ಸ್ಟೂಡೆಂಟು. ಪ್ರಾಜೆಕ್ಟಿಗೆ ನಾಲ್ಕೂ ಮಂದಿ ಇಲ್ಲಿಗೇ ಬಂದಿದ್ರಲ್ಲ?"

"ಯಾವ ನಾಕ್ ಮಂದ್ರಿ?" ಗಂಗವ್ವನ ಕೈ ನಿಲ್ಲಲಿಲ್ಲ. "ಒಂದ್ ದಿನ ಒಬ್ಬ ಹುಡುಗ ಬಂದಿದ್ದ. ಸೀನಿ ಸೀನಿ ಸಾಕಾಗಿ, ಫೋಟೋ ತಕ್ಕೊಂಡು ಹೋದ. ಉಳಿದ ದಿನ ಎಲ್ಲಾ ಆಕಿ ಒಬ್ಬಾಕಿನ ರೀ. ಖಾಲಿ ಕುಂತವರ ಕೂಡ ನಾವು ಮಾತಾಡಂಗಿಲ್ಲ. ಆಕಿ ನಮ್ಮ ಜೋಡಿ ಕಾಯಿ ಬಿಡಿಸ್ಕೋತನ ಎಲ್ಲಾ ಕೇಳ್ಯಾಳ. ಧಾರವಾಡಕ್ಕ ಆಕಿನ್ನ ಕಳಸ್ತೀರಲ್ರೀ ಮತ್ತ?"

ನಾನು ಮತ್ತೊಮ್ಮೆ ಸೀನಿದೆ. ಈ ಸಲ ಬೇಕೆಂದೇ.

"ಇಲ್ರಿ, ಬ್ಯಾರೆ ಹುಡುಗ ಹೋಗಾಕತ್ತಾನ. ವಿನಾಯಕ ಅಂತ."

ಗಂಗವ್ವ ನನ್ನನ್ನು ಮೇಲಿನಿಂದ ಕೆಳಗಿನವರೆಗೆ ನೋಡಿದರು. "ಅಕ್ಕೋರಾಗಿ ನಿಮಗ ಇಷ್ಟೂ ಗೊತ್ತಾಗಲಿಲ್ಲೇನ್ರೀ?"

ರಿಸಲ್ಟು ಬಂತು. ಮರುಮೌಲ್ಯಮಾಪನಕ್ಕೆ ಅವಕಾಶವಿರಲಿಲ್ಲ.

ಹಿನ್ನೆಲೆ ಹೇಳಿಬಿಡುತ್ತೇನೆ. ಈ ವರ್ಷ ನಮ್ಮ ಕಾಲೇಜಿಗೆ ಹೊಸದೊಂದು ಬಂದಿದೆ. ಹೆಸರು ಸೆಲ್ಫ್ ರಿಫ್ಲೆಕ್ಷನ್ ರಿಪೋರ್ಟು. ವಿದ್ಯಾರ್ಥಿಗಳು ಪ್ರಾಜೆಕ್ಟ್ ಮಾಡಿದರೆ ಸಾಲದು, ಮಾಡುತ್ತಾ ಮಾಡುತ್ತಾ ತಾವು ಎಷ್ಟು ಬೆಳೆದೆವು ಅಂತ ಬರೆದುಕೊಡಬೇಕು. ಮೂರು ಚೌಕಗಳಿವೆ. ಬರವಣಿಗೆಯಲ್ಲಿ ಬೆಳವಣಿಗೆ, ವೇದಿಕೆಯ ಮಾತಿನಲ್ಲಿ ಬೆಳವಣಿಗೆ, ಟೀಮ್‌ವರ್ಕಿನಲ್ಲಿ ಬೆಳವಣಿಗೆ. ಒಂದೊಂದಕ್ಕೂ ಹತ್ತು ಮಾರ್ಕ್ಸು. (ಮೂರು ತಿಂಗಳಲ್ಲಿ ಎದ್ದು ಕಾಣುವಷ್ಟು ಬೆಳೆಯುವುದು ನಮ್ಮ ಜಿಲ್ಲೆಯಲ್ಲಿ ಗೋವಿನಜೋಳ ಮಾತ್ರ ಅಂತ ನಾನು ತಿಳಿದಿದ್ದೆ.)

ಈ ಮೂರನ್ನೂ ಕಲಿಸುವ ಜವಾಬ್ದಾರಿ ಯಾರಿಗೆ? ಸ್ಟಾಫ್ ಮೀಟಿಂಗಿಗೆ ತಡವಾಗಿ ಬಂದವರಿಗೆ. ಆ ದಿನ ನಮ್ಮ ಬಸ್ಸು ಮೋಟೆಬೆನ್ನೂರಿನ ಹತ್ತಿರ ಕೆಟ್ಟು ನಿಂತಿತ್ತು. ನಾನು ಹಾವೇರಿ ಮುಟ್ಟಿ ಮೀಟಿಂಗ್ ಹಾಲಿನ ಬಾಗಿಲು ತೆಗೆದಾಗ ಎಲ್ಲರೂ ಚಪ್ಪಾಳೆ ತಟ್ಟುತ್ತಿದ್ದರು. ಸರ್ವಾನುಮತದಿಂದ ಆಯ್ಕೆಯಾಗಿದ್ದೆ.

ನಾಲ್ಕು ಮಂದಿಗೊಂದು ತಂಡ ಮಾಡಿದೆ. ಬ್ಯಾಡಗಿಯ ಭಾಗ್ಯಶ್ರೀ, ರಾಣೆಬೆನ್ನೂರಿನ ವಿನಾಯಕ, ಇನ್ನಿಬ್ಬರು ಒಂದು ತಂಡ. (ಇನ್ನಿಬ್ಬರ ಬಗ್ಗೆ ಹೆಚ್ಚು ಹೇಳಲಾರೆ. ನಾನೂ ಅವರನ್ನು ಹೆಚ್ಚು ನೋಡಿಲ್ಲ.) ವಿಷಯ, ಬ್ಯಾಡಗಿಯಲ್ಲಿ ಮೆಣಸಿನಕಾಯಿ ತೊಟ್ಟು ಬಿಡಿಸುವ ಹೆಣ್ಣುಮಕ್ಕಳ ದುಡಿಮೆ. ವರದಿ ಚೆನ್ನಾಗಿತ್ತು. 'ಕೈಯ ಉರಿ ಇಳಿಯುವವರೆಗೆ ತಾಯಂದಿರು ಮಗುವನ್ನು ಎತ್ತಿಕೊಳ್ಳುವುದಿಲ್ಲ, ಅತ್ತರೆ ಸೆರಗಿನಿಂದ ಮುಟ್ಟಿ ಸಮಾಧಾನ ಮಾಡುತ್ತಾರೆ' ಅಂತ ಒಂದು ಸಾಲಿತ್ತು. ಅದನ್ನು ಎರಡು ಸಲ ಓದಿದೆ. ಆಮೇಲೆ ಕಾಗುಣಿತದ ತಪ್ಪು ಹುಡುಕಲು ಶುರು ಮಾಡಿದೆ.

ತಂಡಕ್ಕೆ ಒಳ್ಳೆಯ ಮಾರ್ಕ್ಸೇ ಬಂತು. ಆದರೆ ಧಾರವಾಡದಲ್ಲಿ ನಡೆಯುವ ವಿದ್ಯಾರ್ಥಿ ಸಮಾವೇಶಕ್ಕೆ ಕಾಲೇಜಿನಿಂದ ಒಬ್ಬರನ್ನೇ ಕಳಿಸಬೇಕು. ಆ ಒಬ್ಬರು ಯಾರು ಅನ್ನುವುದು ಮೂರು ಚೌಕಗಳ ಮೇಲೆ ನಿಂತಿತ್ತು.

ವಿನಾಯಕ ಮೂರು ಚೌಕ ಸಾಲದೆ ಹಾಳೆ ಅಂಟಿಸಿದ್ದ. 'ನಾನು ತಂಡವನ್ನು ಮುನ್ನಡೆಸಿದೆ. ನಾನು ಸವಾಲುಗಳನ್ನು ಅವಕಾಶಗಳನ್ನಾಗಿ ಪರಿವರ್ತಿಸಿದೆ. ನಾನು ಭಿನ್ನಾಭಿಪ್ರಾಯಗಳ ನಡುವೆ ಸೇತುವೆಯಾದೆ.' ಎಷ್ಟು 'ನಾನು' ಇವೆ ಅಂತ ಎಣಿಸಲು ಹೋಗಿ, ಬೇಸತ್ತು ಬಿಟ್ಟೆ. ಇಷ್ಟು ನುಣುಪಾದ ಕನ್ನಡವನ್ನು ಅವನು ಬರೆದನೋ ಅವನ ಮೊಬೈಲು ಬರೆಯಿತೋ ಅನ್ನುವ ಸಣ್ಣ ಗುಮಾನಿ ಬಂತು. ಮೊಬೈಲಿಗೆ ಪ್ರತ್ಯೇಕ ಮಾರ್ಕ್ಸ್ ಕೊಡಲು ಜಾಗ ಇರಲಿಲ್ಲವಾದ್ದರಿಂದ ಅವನಿಗೇ ಕೊಟ್ಟೆ.

ಭಾಗ್ಯಶ್ರೀ ಬರೆದದ್ದು ಅರ್ಧ ಪುಟ. 'ನಾವು ಬ್ಯಾಡಗಿಗೆ ಹೋದೆವು. ನಾವು ಹೆಣ್ಣುಮಕ್ಕಳ ಜೊತೆ ಕೂತು ಮಾತಾಡಿದೆವು. ನಾವು ಕೇಳಿದ್ದನ್ನು ಬರೆದುಕೊಂಡೆವು. ನಮಗೆ ಬಹಳ ತಿಳಿಯಿತು.' ಅಷ್ಟೇ.

ನಾನು ಕೆಂಪು ಪೆನ್ನು ತೆಗೆದೆ. 'ವೈಯಕ್ತಿಕ ಕೊಡುಗೆ ಸ್ಪಷ್ಟವಿಲ್ಲ' ಅಂತ ಬರೆದೆ. ಅಕ್ಷರ ದುಂಡಗೆ ಬಂದಿತ್ತು. ಮೂವತ್ತಕ್ಕೆ ಹದಿನಾಲ್ಕು ಕೊಟ್ಟೆ.

ಗಂಗವ್ವನ ರಿಸಲ್ಟು ಹೊತ್ತುಕೊಂಡು ಬಂದ ಮೇಲೆ ಸೋಮವಾರ ಭಾಗ್ಯಶ್ರೀಯನ್ನು ಸ್ಟಾಫ್ ರೂಮಿಗೆ ಕರೆಸಿದೆ.

"ಯಾಕವಾ, ಎಲ್ಲಾ ನೀನ ಮಾಡಿ 'ನಾವು' ಅಂತ ಯಾಕ ಬರದಿ?"

ಹುಡುಗಿ ಗಾಬರಿಯಾದಳು. ಬ್ಯಾಗಿನಿಂದ ನೋಟ್‌ಬುಕ್ ತೆಗೆದು ಒಂದು ಪುಟ ಬಿಚ್ಚಿದಳು.

"ನೀವ ಬರಸೀರಿ ಮೇಡಂ. ಇಲ್ಲೈತಿ ನೋಡ್ರಿ. ಸಂಶೋಧನಾ ಬರಹದಲ್ಲಿ 'ನಾನು' ಬರಕೂಡದು, ಅದು ಅಹಂಕಾರ. 'ನಾವು' ಅನ್ನಬೇಕು. ಕೆಳಗ ಎರಡ್ ಗೆರಿ ಹೊಡಿಸೀರಿ."

ಎರಡು ಗೆರೆ ಇದ್ದವು. ಸ್ಕೇಲ್ ಇಟ್ಟು ಎಳೆದಿದ್ದಳು.

"ಅದು ಪ್ರಾಜೆಕ್ಟ್ ರಿಪೋರ್ಟಿಗೆ ಹೇಳಿದ್ದವಾ. ಇದು ಸೆಲ್ಫ್ ರಿಫ್ಲೆಕ್ಷನ್ನು. ಇದರಾಗ 'ನಾನು' ಇರಬೇಕು."

"ಅಂದ್ರ ಅದರಾಗ ಬರದ್ರ ಅಹಂಕಾರ, ಇದರಾಗ ಬರದ್ರ ಮಾರ್ಕ್ಸ್ ಏನ್ರೀ?"

ಕುಹಕವಾಡಲಿಲ್ಲ. ತಿಳಿದುಕೊಳ್ಳಬೇಕೆಂದೇ ಕೇಳಿದಳು. ಅದಕ್ಕೇ ಹೆಚ್ಚು ಚುಚ್ಚಿತು.

"ಮನ್ಯಾಗೂ ಹಂಗ ರೀ ಮೇಡಂ," ಅಂತ ತಾನೇ ಮುಂದುವರಿಸಿದಳು. "ನಾ ಮಾಡ್ದೆ, ನಾ ಮಾಡ್ದೆ ಅಂದ್ರ ನಮ್ಮಜ್ಜಿ, 'ಭಾಳ ಶಾಣ್ಯಾಕಿ ಆಗೀದಿ ಸುಮ್ನಿರು' ಅಂತಾಳ."

ಅರವತ್ತು ಮಂದಿಯ ಕ್ಲಾಸಿನಲ್ಲಿ ನನ್ನ ಪಾಠವನ್ನು ಕಿವಿಗೆ ಹಾಕಿಕೊಂಡವಳು ಒಬ್ಬಳೇ. ಅವಳನ್ನೇ ಹುಡುಕಿ ಹಿಡಿದು ಮಾರ್ಕ್ಸ್ ಕತ್ತರಿಸಿದ್ದೆ. ಇಷ್ಟು ಚೊಕ್ಕವಾಗಿ ಕೆಲಸ ಮಾಡುವ ಶಿಕ್ಷಕಿ ಇನ್ನೆಲ್ಲಿ ಸಿಗುತ್ತಾಳೆ?

ಅಷ್ಟರಲ್ಲಿ ಹುಡುಗಿಯ ಕಣ್ಣು ತುಂಬಿತು. ಆಗ ಇನ್ನೊಂದು ವಿಷಯ ಹೊರಬಂತು. ಅವಳ ಅಪ್ಪ ಶಿವಣ್ಣ ಬ್ಯಾಡಗಿಯಲ್ಲಿ ಕಿರಾಣಿ ಅಂಗಡಿ ನಡೆಸುತ್ತಾರೆ. ಡಿಗ್ರಿ ಮುಗಿಸಿದ ಕೂಡಲೇ ಮಗಳ ಮದುವೆ ಅನ್ನುವುದು ಅವರ ಲೆಕ್ಕ. ಧಾರವಾಡದಲ್ಲಿ ಎಂ.ಕಾಂ. ಅನ್ನುವುದು ಇವಳ ಹಟ. ಕೊನೆಗೆ ಅಪ್ಪ-ಮಗಳ ನಡುವೆ ಒಂದು ಕರಾರಾಗಿತ್ತು. ಕಾಲೇಜಿನವರು ಅಷ್ಟು ಮಂದಿಯಲ್ಲಿ ನಿನ್ನನ್ನೇ ಆರಿಸಿ ಧಾರವಾಡಕ್ಕೆ ಕಳಿಸಿದರೆ ಓದಿಸುತ್ತೇನೆ. ಇಲ್ಲದಿದ್ದರೆ ಓದಿನ ಮಾತು ಎತ್ತಬಾರದು.

ಅಂದರೆ ಒಂದು ಹುಡುಗಿಯ ಮುಂದಿನ ಎರಡು ವರ್ಷ, ಅದರ ಮುಂದಿನದೆಲ್ಲ, ನನ್ನ ಕೆಂಪು ಪೆನ್ನಿನ ಮೂರು ಪದದಲ್ಲಿ ಸಿಕ್ಕಿಕೊಂಡಿತ್ತು.

ಓಡಿದೆ ಪ್ರಿನ್ಸಿಪಾಲರ ಕೋಣೆಗೆ.

"ಲಿಸ್ಟ್ ಹೋಗೇತ್ರಿ ಮೇಡಂ," ಅಂದರು ಅವರು. "ಈಗ ಹೆಸರು ಬದಲಿ ಮಾಡ್ಬೇಕಂದ್ರ ಕಾರಣ ಬರದು ಕೊಡ್ಬೇಕು. 'ನಾನು ಸರಿಯಾಗಿ ನೋಡಿಲ್ಲ, ಮಾರ್ಕ್ಸ್ ತಪ್ಪಾಗಿ ಕೊಟ್ಟೇನಿ' ಅಂತ ಬರದು ಸಹಿ ಮಾಡ್ರಿ. ಇವತ್ತ ಕಳಸ್ತೀನಿ."

"ಕಣ್ತಪ್ಪಿನಿಂದ ಆಗಿದೆ ಅಂತ ಬರೀಲಾ ಸರ್?"

"ಯಾರ ಕಣ್ಣು ಅಂತ ಕೇಳ್ತಾರ್ರಿ."

ಹಾಳೆ ಮುಂದಿತ್ತು. ಪೆನ್ನು ಕೈಯಲ್ಲಿತ್ತು. ಮುಂದಿನ ತಿಂಗಳು ನನ್ನ ಪ್ರಮೋಷನ್ ಫೈಲು ಮೇಲಕ್ಕೆ ಹೋಗುವುದಿತ್ತು. ಮೌಲ್ಯಮಾಪನ ಮಾಡಲು ಬಾರದ ಉಪನ್ಯಾಸಕಿ ಅಂತ ನಾನೇ ಬರೆದು ಅದರ ಜೊತೆಗೆ ಪಿನ್ ಹಚ್ಚಿ ಕಳಿಸುವುದೇ? "ನೋಡೋಣ ಸರ್" ಅಂದು ಎದ್ದು ಬಂದೆ. ಏನು ನೋಡುವುದು, ಯಾವಾಗ ನೋಡುವುದು, ಅವರೂ ಕೇಳಲಿಲ್ಲ, ನಾನೂ ಹೇಳಲಿಲ್ಲ.

ಹೀಗಾಗಿ ವಿನಾಯಕ ಧಾರವಾಡಕ್ಕೆ ಹೋದ. ಮಾರ್ಗದರ್ಶಕಿಯಾಗಿ ನಾನೂ ಹೋದೆ. (ಹೌದು, ಅದಕ್ಕೂ ಒಂದು ಸರ್ಟಿಫಿಕೇಟು ಕೊಡುತ್ತಾರೆ. ಕಪಾಟಿನಲ್ಲಿದೆ.)

ಹುಡುಗ ಜೋರಾಗಿ ಮಾತಾಡಿದ. ಕೈ ಬೀಸಿ, ನಿಲ್ಲಬೇಕಾದಲ್ಲಿ ನಿಂತು, ಪರದೆಯ ಮೇಲೆ ಬಣ್ಣಬಣ್ಣದ ಚಿತ್ರ ತೋರಿಸಿ. ನಾನು ಸಂದರ್ಶಿಸಿದೆ, ನಾನು ವಿಶ್ಲೇಷಿಸಿದೆ, ನಾನು ಕಂಡುಕೊಂಡೆ. ಅಲ್ಲಿ ತೀರ್ಪುಗಾರರಾಗಿದ್ದ ವಯಸ್ಸಾದ ಪ್ರೊಫೆಸರರೊಬ್ಬರು ವರದಿಯ ಪುಟ ತಿರುವಿ, ಕನ್ನಡಕ ಸರಿಮಾಡಿಕೊಂಡು ಕೇಳಿದರು. "ಕೈಯ ಉರಿ ಇಳಿಯೋವರೆಗೂ ಕೂಸನ್ನ ಎತ್ಕೊಳ್ಳೋದಿಲ್ಲ ಅಂತ ಬರದೀರಿ. ಭಾಳ ಛಲೋ ಐತಿ ಇದು. ಈ ಮಾತು ನಿಮಗ ಯಾರು ಹೇಳಿದ್ರು? ಹೆಂಗ ಹೇಳಿದ್ರು?"

ವಿನಾಯಕ ಪರದೆಯ ಕಡೆ ನೋಡಿದ. ಅದರಲ್ಲಿ ಉತ್ತರ ಇರಲಿಲ್ಲ. ನನ್ನ ಕಡೆ ನೋಡಿದ. ನನ್ನಲ್ಲೂ ಇರಲಿಲ್ಲ.

"ಸರ್, ಅದನ್ನ... ನಾವು... ನಮ್ಮ ಟೀಮ್ ನೋಡ್ಕೊಂಡಿತ್ತು ಸರ್."

ಅವತ್ತು ಅವನ ಬಾಯಿಂದ ಬಂದ ಮೊದಲ 'ನಾವು' ಅದು. ಟೀಮ್‌ವರ್ಕು ಕೊನೆಗೂ ಅವನಿಗೆ ಒಲಿದಿತ್ತು.

ಬಹುಮಾನ ಬರಲಿಲ್ಲ ಅಂತ ಬೇರೆ ಹೇಳಬೇಕಿಲ್ಲ. ವಾಪಸ್ ಬರುವ ಬಸ್ಸು ಹುಬ್ಬಳ್ಳಿ ದಾಟಿತ್ತು. ನನಗೆ ಸಿಟ್ಟಿತ್ತು, ಬೈಯಲು ಮಾತು ಹುಡುಕುತ್ತಿದ್ದೆ. ಅವನೇ ಮೊದಲು ಶುರು ಮಾಡಿದ.

"ಮೇಡಂ, ಪಬ್ಲಿಕ್ ಸ್ಪೀಕಿಂಗ್ ಕ್ಲಾಸಿನ್ಯಾಗ ನೀವ ಹೇಳಿದ್ರಲ್ರಿ. ಸಂಕೋಚ ಬಿಡ್ರಿ, ಎದಿ ಎತ್ತಿ 'ನಾನು ಮಾಡಿದೆ' ಅನ್ರಿ, ನಿಮ್ಮನ್ನ ನೀವ ಹೊಗಳಿಕೊಳ್ಳದಿದ್ರ ಬ್ಯಾರೆ ಯಾರು ಹೊಗಳ್ತಾರ ಅಂತ. ನಾ ಹಂಗ ಮಾಡೇನಿ. ಈಗ ನನ್ನ ಮ್ಯಾಲ ಯಾಕ ಮಾರಿ ಗಂಟ್ ಹಾಕ್ಕೊಂಡೀರಿ?"

ಸೋಮವಾರ ಒಬ್ಬಳಿಗೆ ಒಂದು ಪಾಠ, ಗುರುವಾರ ಒಬ್ಬನಿಗೆ ಅದರ ಉಲ್ಟಾ ಪಾಠ. ಎರಡನ್ನೂ ನಾನೇ ಹೇಳಿದ್ದೆ, ಅದೇ ಬೋರ್ಡಿನ ಮುಂದೆ ನಿಂತು. ಕಿಟಕಿಯ ಹೊರಗೆ ನೋಡುತ್ತಾ ಕೂತೆ.

ಈ ಭಾನುವಾರ ಧೈರ್ಯ ಮಾಡಿ ಬ್ಯಾಡಗಿಗೆ, ಶಿವಣ್ಣನವರ ಮನೆಗೆ ಹೋದೆ. ತಪ್ಪು ನನ್ನದು ಅಂತ ಹೇಳಿಬಿಡಬೇಕು, ಅಷ್ಟೇ. ಬಸ್ಸಿನಲ್ಲಿ ನಾಲ್ಕೈದು ಸಲ ಮನಸ್ಸಿನಲ್ಲೇ ಹೇಳಿಕೊಂಡೆ. ವೇದಿಕೆಯ ಮಾತು ಕಲಿಸುವವಳಲ್ಲವೇ, ತಾಲೀಮಿನ ಮಹತ್ವ ಗೊತ್ತು.

"ಬರ್ರಿ ಬರ್ರಿ ಮೇಡಂ, ಕುಂದ್ರಿ," ಅಂತ ಶಿವಣ್ಣ ಕುರ್ಚಿ ಎಳೆದರು. ಚಹಾ ಬಂತು. ಭಾಗ್ಯಶ್ರೀ ಬಾಗಿಲ ಹತ್ತಿರ ನಿಂತಳು. ನಾನು ಬಾಯಿ ತೆಗೆಯುವ ಮುಂಚೆಯೇ ಅವರು ಹೇಳಿದರು, "ಆಯ್ತು ಬಿಡ್ರಿ, ಆಕಿ ಹಟಾ ಬಿಟ್ಟಾಳ. ಪರೀಕ್ಷಾ ಮುಗೀಲಿ, ಒಂದ್ ಮನಿ ನೋಡೇವಿ. ಆದ್ರ ಒಂದ್ ಮಾತು ಕೇಳ್ತೀನಿ, ಖರೇ ಹೇಳ್ರಿ. ನಮ್ಮ ಹುಡುಗಿ ಯಾವುದರಾಗ ಕಡಿಮಿ ಬಿದ್ಲು? ಬರಿಯೂದರಾಗೋ, ಮಾತಾಡೂದರಾಗೋ, ನಾಕ್ ಮಂದಿ ಕೂಡ ಹೊಂದಿಕೊಂಡು ಹೋಗೂದರಾಗೋ?"

ನಾನು ಹೇಳಿದೆ. "ಹಂಗೇನಿಲ್ರಿ. ಮೌಲ್ಯಮಾಪನದಾಗ ಸ್ವಲ್ಪ ಹೆಚ್ಚುಕಡಿಮಿ ಆಗೇತಿ. ಕಾಲೇಜಿನ ಕಡಿಂದ."

ಆಹಾ, ಎಂಥ ವಾಕ್ಯ! ಯಾರು ಮಾಡಿದರು ಅನ್ನುವುದೇ ಇಲ್ಲ, ಅಪ್ಪಟ ಸಂಶೋಧನಾ ಬರಹ. ದನಿ ನಡುಗಲಿಲ್ಲ, ಕಣ್ಣಿಗೆ ಕಣ್ಣು ಕೊಟ್ಟು ಹೇಳಿದೆ. ತಪ್ಪನ್ನು ಇಡೀ ಕಾಲೇಜಿಗೆ ಸಮನಾಗಿ ಹಂಚಿದೆ, ಅಟೆಂಡರ್‌ನನ್ನೂ ಬಿಡಲಿಲ್ಲ. ಮೂರೂ ಚೌಕದಲ್ಲಿ ನನಗೆ ಹತ್ತಕ್ಕೆ ಹತ್ತು ಬರಬೇಕು.

ಶಿವಣ್ಣ ಚಹಾದ ಕಪ್ಪು ಕೆಳಗಿಟ್ಟರು. "ಕಾಲೇಜು ಅಂದಮ್ಯಾಲ ತಪ್ಪು ಮಾಡಂಗಿಲ್ಲ ಬಿಡ್ರಿ. ಆಕೀನ ಎಲ್ಲೋ ಕಡಿಮಿ ಬಿದ್ದಿರಬೇಕು."

ಭಾಗ್ಯಶ್ರೀ ನನ್ನ ಮುಖ ನೋಡಿದಳು. ನಾನು ಏನಾದರೂ ಹೇಳುತ್ತೇನೆ ಅಂತ ಕಾದಳು. ಆಮೇಲೆ ಖಾಲಿ ಕಪ್ಪುಗಳನ್ನು ತೆಗೆದುಕೊಂಡು ಒಳಗೆ ಹೋದಳು. ನಾಚಿಕೆಯಾಯಿತು. ಆದರೂ ಎದ್ದು ನಮಸ್ಕಾರ ಹೇಳಿ ಬಂದೆ.

ಶಿವಣ್ಣನವರ ಅಂಗಡಿಗೆ ಈ ಪತ್ರಿಕೆ ಬರುತ್ತದೆ ಅಂತ ನನಗೆ ಗೊತ್ತು. (ಹೆಸರು ಬದಲಿಸಿದ್ದೇನೆ. ಅವರಿಗೆ ತಿಳಿಯುತ್ತದೆ.) ಶಿವಣ್ಣನವರೇ, ಆ ಮನೆಯವರಿಗೆ ಮಾತು ಕೊಡುವ ಮುಂಚೆ ಇದನ್ನು ಒಮ್ಮೆ ಓದಿ. ಎದುರಿಗೆ ಕೂತು ನೀವು ಕೇಳಿದ ಪ್ರಶ್ನೆಗೆ ಉತ್ತರ ಬಹಳ ಚಿಕ್ಕದು.

ಕಡಿಮೆ ಬಿದ್ದವಳು ನಾನು.