ಹಸಿರು ಶಾಲಿನ ಅಡಿಯಲ್ಲಿ

ಬಟ್ಟೆ ರಿಪೇರಿ ಅಂಗಡಿಯಲ್ಲಿ ಇಪ್ಪತ್ತು ವರ್ಷ ಗುಂಡಿ ಹೊಲಿದೂ ಹೊಲಿದೂ ಆಕೆಗೆ ಗುಂಡಿಯಮ್ಮ ಎಂದೇ ಹೆಸರು ಬಿದ್ದಿತ್ತು. ಉಳಿದ ತುಂಡುಬಟ್ಟೆ, ಮುರಿದ ಜಿಪ್ಪು, ಹಳೇ ರಟ್ಟು ಸೇರಿಸಿ ಚಿತ್ರ ಮಾಡುವ ಹುಚ್ಚು ಯಾವಾಗ ಹತ್ತಿತೋ ಆಕೆಗೇ ನೆನಪಿಲ್ಲ. ಹುಚ್ಚಿಗೂ ಒಂದು ಕ್ರಮವಿತ್ತು. ಮೊದಲು ರಟ್ಟಿನ ಮೇಲೆ ತನ್ನ ಬದುಕಿನದೇ ಏನಾದರೊಂದನ್ನು ಅಂಟಿಸಬೇಕು: ಅಪ್ಪನ ಕೊನೆಯ ಬಸ್ ಟಿಕೆಟ್ಟೋ, ನಿಂತುಹೋದ ತನ್ನ ಮದುವೆಯ ಕರೆಯೋಲೆಯೋ. ಅದರ ಮೇಲೆ ಬಟ್ಟೆ, ಬಟ್ಟೆಯ ಮೇಲೆ ಬಣ್ಣ, ಕೊನೆಗೆ ಸುತ್ತಲೂ ಗಟ್ಟಿ ಹೊಲಿಗೆ. ಕೆಳಗೆ ಏನಿದೆಯೆಂದು ಆಕೆಯೊಬ್ಬಳಿಗೇ ಗೊತ್ತು.

ಗ್ರಂಥಾಲಯದ ಮಹಡಿಯಲ್ಲಿ ಪ್ರದರ್ಶನ ಇಡುತ್ತೇವೆಂದಾಗ ಹಿಗ್ಗಿದ್ದೇನೋ ನಿಜ. "ಒಂದೊಂದಕ್ಕೂ ಅದರ ಅರ್ಥ ನಾಲ್ಕು ಸಾಲು ಬರ್ಕೊಡಿ" ಎಂದು ಗ್ರಂಥಪಾಲಕರು ಹೇಳಿದ ಕೂಡಲೇ ಹಿಗ್ಗು ಇಳಿಯಿತು. ಎಂಟಕ್ಕೆ ಬರೆದಳು. ಒಂಬತ್ತನೆಯದಕ್ಕೆ 'ಅಮ್ಮ' ಎಂದಷ್ಟೇ ಬರೆದು ಪೆನ್ನು ಮುಚ್ಚಿದಳು. ಇದು ಬೇಡ ಎಂದು ಗೋಗರೆದರೂ ಆ ಮಹಾನುಭಾವರು ಕೇಳದೆ, ಅದನ್ನೇ ಗೋಡೆಯ ನಟ್ಟನಡುವೆ ತೂಗುಹಾಕಿಸಿದರು. ಅಂದಿನಿಂದ ಆಕೆಗೆ ಅನ್ನ ಸೇರಲಿಲ್ಲ.

ಅದರಲ್ಲಿ ಅಮ್ಮನ ಹಸಿರು ಶಾಲಿತ್ತು. ಶಾಲಿನ ಕೆಳಗೆ, ಅಮ್ಮ ಅಕ್ಕನಿಗೆ ಬರೆದ ಕಾಗದ. ಹೇಳದೆ ಕೇಳದೆ ಮದುವೆಯಾದಳೆಂದು ಅಕ್ಕನ ಜೊತೆ ಎರಡು ವರ್ಷ ಮಾತು ಬಿಟ್ಟಿದ್ದ ಅಮ್ಮ, ಹಾಸಿಗೆ ಹಿಡಿದ ಮೇಲೆ ನಡುಗುವ ಕೈಯಲ್ಲಿ 'ಒಮ್ಮೆ ಬಂದು ಹೋಗು' ಎಂದು ಬರೆದು, ಅಂಚೆಗೆ ಹಾಕಲು ಇವಳ ಕೈಗೆ ಕೊಟ್ಟಿದ್ದಳು. ಇವಳು ಹಾಕಲಿಲ್ಲ. ಹೇಲುಚ್ಚೆ ಬಾಚುವುದು ನಾನು, ಕೊನೆಗೆ ಬಂದು ಮುದ್ದು ಮಾಡಿಸಿಕೊಳ್ಳುವುದು ಅವಳೋ ಎಂಬ ಹೊಟ್ಟೆಕಿಚ್ಚು. "ಹಾಕಿದ್ಯಾ?" ಎಂದು ಕೇಳಿದರೆ "ಹಾಕ್ದೆ" ಅಂದಳು. ಅಮ್ಮ ಬಾಗಿಲು ನೋಡುತ್ತಲೇ ಕಣ್ಣು ಮುಚ್ಚಿದಳು. ಅಮ್ಮ ತನ್ನನ್ನು ಕ್ಷಮಿಸಲೇ ಇಲ್ಲವೆಂದು ಅಕ್ಕ ಇವತ್ತಿಗೂ ಕೊರಗುತ್ತಾಳೆ.

ಆ ಕಾಗದವನ್ನು ಸುಡಲೂ ಧೈರ್ಯವಿಲ್ಲ, ಇಟ್ಟುಕೊಳ್ಳಲೂ ಇಲ್ಲ. ಹಾಗಾಗಿ ಅಂಟಿಸಿದಳು. ಆದರೆ ಅಮ್ಮನ ಅಕ್ಷರಕ್ಕೆ ಸೂಜಿ ಚುಚ್ಚಲು ಮನಸ್ಸು ಬರಲಿಲ್ಲ. ಅದೊಂದಕ್ಕೆ ಮಾತ್ರ ಹೊಲಿಗೆಯಿಲ್ಲ, ಬರೀ ಮೈದಾ ಅಂಟು.

ಪ್ರದರ್ಶನದ ದಿನ ಬೆಳಿಗ್ಗೆಯೇ ಅಕ್ಕ ಬಂದಳು. ಕರೆದವರು ಯಾರೂ ಇಲ್ಲ, ಕರಪತ್ರ ನೋಡಿ ಬಂದಿದ್ದಳು. ಅವಳು ಮೆಟ್ಟಿಲು ಹತ್ತುವ ಹೊತ್ತಿಗೇ, ದೀಪದ ಕಾವಿಗೆ ಅಂಟು ಒಣಗಿ ಶಾಲಿನ ಮೂಲೆ ಎದ್ದಿರುವುದು ಗುಂಡಿಯಮ್ಮನ ಕಣ್ಣಿಗೆ ಬಿತ್ತು. ಓಡಿಹೋಗಿ ಚಿತ್ರಕ್ಕೆ ಬೆನ್ನು ಕೊಟ್ಟು ನಿಂತಳು.

"ಆಚೆ ಸರಿಯೇ, ನೋಡ್ತೀನಿ," ಎಂದಳು ಅಕ್ಕ.

"ಇದು ಅಷ್ಟು ಚೆನ್ನಾಗಿಲ್ಲಕ್ಕಾ. ಆ ಕಡೇದು ನೋಡು."

"ಅಯ್ಯೋ, ಅಮ್ಮನ ಶಾಲಲ್ವೇನೇ ಅದು!" ಅಕ್ಕ ಅವಳ ಭುಜ ಹಿಡಿದು ಸರಿಸಿದಳು. "ನನ್ಹತ್ರ ಅಮ್ಮಂದು ಅಂತ ಒಂದು ದಾರಾನೂ ಇಲ್ಲ. ಈ ಮೂಲೆ ಹೇಗೂ ಕಿತ್ಕೊಂಡಿದೆ, ಒಂದು ಚೂರು ಕತ್ತರಿಸಿ ಕೊಡ್ತೀಯಾ?"

ಗುಂಡಿಯಮ್ಮ ತಡೆಯಲು ಕೈ ಚಾಚಿದಳು. ಅಕ್ಕ ಆಗಲೇ ಮೂಲೆಯನ್ನು ಎರಡು ಬೆರಳಲ್ಲಿ ಹಿಡಿದು ಎತ್ತಿದ್ದಳು. ಬಟ್ಟೆ ಪರಪರ ಬಿಟ್ಟುಕೊಂಡಿತು. ಅವಳ ಕೈ ನಿಂತಿತು. ತುಟಿ ಅಲುಗಿಸುತ್ತ ಓದಿದಳು.

ಗುಂಡಿಯಮ್ಮ ಬೈಗುಳಕ್ಕೆ ಕಾದಳು, ಕೆನ್ನೆಗೆ ಬೀಳುವ ಏಟಿಗೆ ಕಾದಳು. ಎರಡೂ ಬರಲಿಲ್ಲ. ಅಕ್ಕ ಕಾಗದದ ತಾರೀಖಿನ ಮೇಲೆ ಒಂದು ಬೆರಳಿಟ್ಟು, ಇನ್ನೊಂದು ಕೈಯಲ್ಲಿ ದಿನ ಎಣಿಸತೊಡಗಿದಳು.

"ಅಮ್ಮ ಹೋಗೋಕೆ ಇನ್ನೂ ಹನ್ನೊಂದು ದಿನ ಇತ್ತಲ್ಲೇ ಪುಟ್ಟಿ," ಎಂದಳು. "ನಾನಿದ್ದಿದ್ದು ಬರೀ ಮೂರು ಗಂಟೆ ದಾರಿ ದೂರದಲ್ಲಿ."