ಕೆಡವಿದ ಗೋಡೆಯ ಎತ್ತುಗಳು

ಭಾನುವಾರ, ಬೆಳಿಗ್ಗೆ ಏಳು ಗಂಟೆ ಹತ್ತು ನಿಮಿಷಕ್ಕೆ ಇದನ್ನು ಬರೆಯಲು ಕೂತೆ. ಬಾಲ್ಕನಿಯ ಕರಿಬೇವಿನ ಕುಂಡಕ್ಕೆ ಈಗಷ್ಟೇ ನೀರು ಹಾಕಿ ಬಂದೆ. ಹಸಿ ಮಣ್ಣಿನಿಂದ ಸುಣ್ಣದ ವಾಸನೆ ಎದ್ದಿತು. ಹುಬ್ಬಳ್ಳಿಯ ಗೋಕುಲ ರಸ್ತೆಯ ಈ ಮೂರನೇ ಮಹಡಿಗೆ ಹಳೆಯ ಮನೆಯ ವಾಸನೆ ಹೇಗೆ ಬಂತೆಂದು ನೀವು ಕೇಳಬಹುದು. ಅದು ಶಾಂತಾ ಕಾಕು ಅವರ ಮನೆಯ ಗೋಡೆ.

ಮೊದಲು ನಾವು ದುರ್ಗದಬೈಲಿನ ಹಿಂದಿನ ಓಣಿಯಲ್ಲಿ, ಕಾಕು ಅವರ ಎದುರು ಮನೆಯಲ್ಲಿ ಬಾಡಿಗೆಗಿದ್ದೆವು. ರಸ್ತೆ ಅಗಲಿಸುವಾಗ ಅವರ ಮಣ್ಣಿನ ಮನೆ ಪೂರ್ತಿ ಹೋಯಿತು. ಆ ದಿನ ಡೈರಿಯಲ್ಲಿ ನಾನು ಬರೆದದ್ದು: ತೊಲೆ ಒಂಬತ್ತು, ಬಾಗಿಲು ನಾಲ್ಕು. ಅಳುವವರ ಪಕ್ಕ ನಿಂತು ಎಣಿಸುವ ಚಟ ನನ್ನದು. ಅವ್ವ ಅದಕ್ಕೆ ಬೈದಿದ್ದಳು ಕೂಡ.

ಮಣ್ಣೆತ್ತಿನ ಅಮಾವಾಸ್ಯೆಯ ಪೂಜೆಗೆ ಓಣಿಯವರಿಗೆಲ್ಲ ಮಣ್ಣಿನ ಜೋಡೆತ್ತು ಮಾಡಿಕೊಡುತ್ತಿದ್ದವರು ಕಾಕು. ಆ ವರ್ಷ, ಮನೆ ಹೋದ ಮೇಲೆ ನಮ್ಮಲ್ಲೇ ಉಳಿದಿದ್ದ ಅವರು, ಕುಂಬಾರರಿಂದ ಮಣ್ಣು ತರಲು ಹೊರಟ ನನ್ನನ್ನು ತಡೆದರು.

"ಅಷ್ಟ ದೂರ ಯಾಕ ಹೊಂಟಿ? ನಮ್ಮ ಮನಿ ರಸ್ತೇದಾಗ ಬಿದ್ದೈತಿ. ಒಂದ ಬುಟ್ಟಿ ತುಂಬ್ಕೊಂಡ ಬಾ."

ಗೋಡೆಯ ಮಣ್ಣು ಸರಿಯಾಗಿ ಅಂಟಲಿಲ್ಲ. ಕೋಡು ಮಾಡಿದಷ್ಟೂ ಮುರಿದು ಬೀಳುತ್ತಿತ್ತು. ಕಾಕು ಹಳೆಯ ಗಾದಿ ಬಿಚ್ಚಿ, ಅರಳೆ ತೆಗೆದು ಮಣ್ಣಿಗೆ ಬೆರೆಸಿ ಕುಟ್ಟಿದರು. ಕಣ್ಣಿಗೆ ಹಸಿರು ಬಳೆಚೂರು, ಕೊರಳಿಗೆ ಇಟ್ಟಂಗಿ ಪುಡಿಯ ಕೆಂಪು ಗೆರೆ, ಬೆನ್ನ ಮೇಲೆ ಹೊದಿಸುವ ಜೂಲಿಗೆ ನೀಲಿ ಸುಣ್ಣದ ಚೂರುಗಳು. ಎಲ್ಲವೂ ಆ ರಾಶಿಯಲ್ಲೇ ಸಿಕ್ಕವು.

"ಇದು ಅಡಗಿ ಮನಿ ಗ್ವಾಡಿ," ಎನ್ನುತ್ತ ನೀಲಿ ಚೂರನ್ನು ಹೆಬ್ಬೆರಳಿನಿಂದ ಒತ್ತಿ ಕೂಡಿಸಿದರು.

ಎತ್ತುಗಳು ಎಷ್ಟು ಚಂದ ಆಗಿದ್ದವೆಂದರೆ, ಪೂಜೆಯ ನಂತರ ನೀರಿಗೆ ಬಿಡಬೇಡಿರೆಂದು ಬೇಡಿಕೊಂಡೆ. ಗಾಜಿನ ಕಪಾಟಿನಲ್ಲಿಡಲು ಹೆಸರಿನ ಚೀಟಿಯನ್ನೂ ಬರೆದಿಟ್ಟಿದ್ದೆ.

"ಕಾಕು, ನಿಮ್ಮ ಮನಿದು ಇಷ್ಟರ ಉಳೀಲಿರಿ."

"ಕಪಾಟಿನ್ಯಾಗ ಇಟ್ಟ ಏನ ಮಾಡ್ತಿ? ದಿನಾ ಎಣಸ್ತೀಯೇನು?"

ಬಕೆಟ್ಟಿಗೆ ಬಿಟ್ಟೇಬಿಟ್ಟರು. ಸಂಜೆಗೆ ಕೆಸರಷ್ಟೇ ಉಳಿದಿತ್ತು. ಅದನ್ನು ನನ್ನ ಕರಿಬೇವಿನ ಕುಂಡಕ್ಕೆ ಸುರಿದು, ಅಮರಗೋಳದ ಮಗಳ ಮನೆಗೆ ಹೊರಟುಹೋದರು. ನಾನು ಸಿಟ್ಟಿನಿಂದ ಬರೆದೆ: ಎತ್ತು ಎರಡು, ಉಳಿದದ್ದು ಏನೂ ಇಲ್ಲ.

ನಿನ್ನೆ ಕಾಕು ಫೋನ್ ಮಾಡಿದ್ದರು. "ಅಮಾಸಿ ಬಂತಲ್ಲ, ಆ ಕುಂಡದಾಗಿನ ಮಣ್ಣ ತಗೊಂಡ ಬಾ. ಇಲ್ಲೆ ಎಲ್ಲಾ ಸಿಮೆಂಟು."

"ಮತ್ತ ಕರಗಸ್ತೀರೇನು?"

"ಕರಗಸದಿದ್ರ ಮುಂದಿನ ವರ್ಷ ಯಾವ ಮಣ್ಣಿಲೆ ಮಾಡೂದು?"

ಗಿಡ ಸುಲಭವಾಗಿ ಬಿಟ್ಟುಬರಲೆಂದೇ ಇಂದು ನೀರು ಹಾಕಿದ್ದು. ಇಷ್ಟು ಬರೆದು, ನಡುವೆ ಎದ್ದು ಹೋಗಿ ಗಿಡ ಕಿತ್ತೆ. ಕರಿಬೇವು ಈಗ ಬೇರೆ ಕುಂಡದಲ್ಲಿದೆ, ಮಣ್ಣು ಬುಟ್ಟಿಯಲ್ಲಿ. ಬೇರಿನ ನಡುವೆ ಒಂದು ಹಸಿರು ಬಳೆಚೂರು ಸಿಕ್ಕಿತು. ಡೈರಿ ತೆಗೆದು 'ಉಳಿದದ್ದು ಏನೂ ಇಲ್ಲ' ಎಂಬ ಆ ಹಳೆಯ ಸಾಲನ್ನು ಹೊಡೆದುಹಾಕಿದೆ.

ಹುಬ್ಬಳ್ಳಿಯ ಹಳೆಯ ಮಣ್ಣಿನ ಗೋಡೆಗಳಿಗೆ ಏನೇನು ಬೆರೆಸುತ್ತಿದ್ದರೆಂದು ಬಲ್ಲವರು ನಿಮ್ಮಲ್ಲಿದ್ದರೆ ದಯವಿಟ್ಟು ಅಮಾವಾಸ್ಯೆಗೆ ಮುಂಚೆ ಬರೆದು ತಿಳಿಸಿ. ಈ ಸಲ ಕೋಡು ಮುರಿಯಬಾರದು.